ಜರ್ಮನಿಯ ಜೆಟ್ ವಿಮಾನ ತಡವಾದದ್ದು ಹಿಟ್ಲರನ ಹಟದಿಂದಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ವಿಮಾನಗಳ ಕುರಿತು ಬರುತ್ತಿರುವ ಲೇಖನಮಾಲೆಯನ್ನು ನಾನು ತಪ್ಪದೆ ಓದುತ್ತಿದ್ದೇನೆ. ಕನ್ನಡದಲ್ಲಿ ಇಂಥ ವಿಷಯಗಳನ್ನು ಬರೆಯುವವರು ಕಡಿಮೆ, ಬರೆದರೂ ಅದಕ್ಕೆ ಪುಟ ಬಿಟ್ಟುಕೊಡುವ ಪತ್ರಿಕೆಗಳು ಇನ್ನೂ ಕಡಿಮೆ. ಆದ್ದರಿಂದ ಮೊದಲು ಕೃತಜ್ಞತೆಯನ್ನು ತಿಳಿಸಿಯೇ ಮುಂದುವರಿಯುತ್ತೇನೆ. ಆದರೆ ಜರ್ಮನಿಯ ಮೆಸರ್ಶ್ಮಿಟ್ ಎಂಇ 262 ಜೆಟ್ ಯುದ್ಧವಿಮಾನದ ಬಗೆಗಿನ ಕಂತಿನಲ್ಲಿ, ಈ ವಿಮಾನವನ್ನು ಬಾಂಬರ್ ಆಗಿ ಕಟ್ಟಬೇಕೆಂದು ಹಿಟ್ಲರ್ ಹಟ ಹಿಡಿಯದೆ ಇದ್ದಿದ್ದರೆ ಅದು ಒಂದು ವರ್ಷ ಮೊದಲೇ ರಣರಂಗಕ್ಕೆ ಇಳಿಯುತ್ತಿತ್ತು, ಯುದ್ಧದ ಗತಿಯೇ ಬದಲಾಗುತ್ತಿತ್ತು ಎಂಬ ಮಾತನ್ನು ಎರಡು ಮಾತಿಲ್ಲದ ಸತ್ಯವೆಂಬಂತೆ ಹೇಳಲಾಗಿದೆ. ನಾನು ವಾಯುಪಡೆಯ ಎಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿ ಬ್ರಹ್ಮಾವರದಲ್ಲಿ ನೆಲೆಸಿರುವವನು. ನಮ್ಮ ಕಡೆಯ ಹೈಸ್ಕೂಲು ಹುಡುಗರು ಈ ಮಾಲೆಯ ಪುಟಗಳನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳುವುದನ್ನು ಕಂಡಿದ್ದೇನೆ. ಅವರ ಕೈಸೇರುವ ಪುಟದಲ್ಲಿ ಈ ಒಂದು ಮಾತು ಹಾಗೆಯೇ ಉಳಿಯಬಾರದೆಂಬ ಕಾಳಜಿಯಿಂದ ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಹಿಟ್ಲರನ ಆಜ್ಞೆಯ ವಿಷಯ ಸುಳ್ಳಲ್ಲ. 1943ರ ನವೆಂಬರ್ 26ರಂದು ಪೂರ್ವ ಪ್ರಷ್ಯದ ಇನ್‌ಸ್ಟರ್‌ಬರ್ಗ್ ವಿಮಾನನೆಲೆಯಲ್ಲಿ ಈ ವಿಮಾನವನ್ನು ಆತನಿಗೆ ಹಾರಿಸಿ ತೋರಿಸಿದಾಗ, ಇದು ಬಾಂಬು ಹೊರಬಲ್ಲುದೇ ಎಂದು ಆತ ಕೇಳಿದ್ದೂ ಹೊರಬಲ್ಲುದೆಂದು ಅದನ್ನು ತಯಾರಿಸುತ್ತಿದ್ದ ಕಂಪನಿಯ ಮುಖ್ಯಸ್ಥ ವಿಲ್ಲಿ ಮೆಸರ್ಶ್ಮಿಟ್ ಉತ್ತರಿಸಿದ್ದೂ ನಡೆದ ಸಂಗತಿ. 1944ರ ಮೇ ತಿಂಗಳ ಕೊನೆಯಲ್ಲಿ, ತಯಾರಾಗುತ್ತಿರುವವೆಲ್ಲ ಬಾಂಬು ಹೊರುವ ಏರ್ಪಾಡಿಲ್ಲದ ಫೈಟರ್‌ಗಳು ಎಂದು ಗೊತ್ತಾದಾಗ ಆತ ಕೆಂಡಾಮಂಡಲನಾಗಿ, ಇನ್ನು ಮುಂದೆ ಬಾಂಬರ್‌ಗಳನ್ನೇ ಕಟ್ಟಬೇಕೆಂದು ಕಟ್ಟಪ್ಪಣೆ ಮಾಡಿದ್ದೂ ನಿಜ. ಆ ವರ್ಷದ ನವೆಂಬರಿನ ಹೊತ್ತಿಗೆ ಅಪ್ಪಣೆ ಸಡಿಲಗೊಂಡಿತು. ಆದರೆ ಈ ತಾರೀಖುಗಳ ಪಕ್ಕದಲ್ಲಿ ಇನ್ನೊಂದು ತಾರೀಖನ್ನು ಇಟ್ಟು ನೋಡಬೇಕು. ಈ ವಿಮಾನಕ್ಕೆ ಬೇಕಾದ, ಯುಂಕರ್ಸ್ ಕಂಪನಿಯ ಯೂಮೊ 004ಬಿ ಜೆಟ್ ಎಂಜಿನ್ ಪೂರ್ಣ ಪ್ರಮಾಣದ ತಯಾರಿಕೆಗೆ ಅಣಿಯಾದದ್ದೇ 1944ರ ಜೂನ್ ಸುಮಾರಿಗೆ. ಎಂದರೆ ಹಿಟ್ಲರ್ ಸಿಡಿಮಿಡಿಗೊಂಡ ದಿನ ಫೈಟರ್ ಎಂದಾಗಲಿ ಬಾಂಬರ್ ಎಂದಾಗಲಿ ದೊಡ್ಡ ಸಂಖ್ಯೆಯಲ್ಲಿ ಹಾರಿಸಲು ಜರ್ಮನಿಯ ಬಳಿ ಎಂಜಿನ್ನೇ ಇರಲಿಲ್ಲ. ಫೈಟರ್ ಆಗಿ ಅದನ್ನು ಪರೀಕ್ಷಿಸುವ ಕೆಲಸವೂ ಲೆಖ್‌ಫೆಲ್ಡ್ ನೆಲೆಯಲ್ಲಿ ನಿಲ್ಲದೆ ನಡೆದೇ ಇತ್ತು. ಆಜ್ಞೆಯಿಂದ ನಷ್ಟವಾದದ್ದು ಹೆಚ್ಚೆಂದರೆ ಕೆಲವು ವಾರಗಳು, ವರ್ಷವಲ್ಲ.

ಹಾಗಿದ್ದರೂ ಈ ಕಥೆ ಇಷ್ಟು ಗಟ್ಟಿಯಾಗಿ ಬೇರುಬಿಟ್ಟದ್ದು ಯುದ್ಧ ಮುಗಿದ ಮೇಲೆ. ಬದುಕುಳಿದ ಜರ್ಮನ್ ಸೇನಾಧಿಕಾರಿಗಳು ತಮ್ಮ ನೆನಪುಗಳನ್ನು ಬರೆಯಲು ಕುಳಿತಾಗ, ಸೋಲಿನ ಹೊಣೆಯನ್ನು ಸತ್ತವನ ತಲೆಗೆ ಕಟ್ಟುವುದು ಎಲ್ಲರಿಗೂ ಅನುಕೂಲವಾಗಿತ್ತು. ಹಿಟ್ಲರನ ಮೇಲೆ ಹೊರಿಸಬೇಕಾದ ಅಪರಾಧಗಳಿಗೆ ಲೆಕ್ಕವಿಲ್ಲ. ಆದರೆ ಈ ವಿಳಂಬವನ್ನು ಅವನೊಬ್ಬನ ಮೇಲೆ ಹೊರಿಸಿದರೆ ನಿಜವಾದ ಕಾರಣ ಮರೆಯಾಗಿಬಿಡುತ್ತದೆ.

ಆ ಕಾರಣವನ್ನು ತಿಳಿಯಲು ವಿಮಾನದ ಒಡಲು ಸಿದ್ಧವಾಗಿ ಎಂಜಿನ್ನಿಗಾಗಿ ಕಾದುಕುಳಿತ ವರ್ಷಗಳನ್ನು ನೋಡಬೇಕು. ಜಗತ್ತಿನ ಮೊದಲ ಟರ್ಬೋಜೆಟ್ ವಿಮಾನ, ಲೇಖನದ ಶೀರ್ಷಿಕೆ ಹೇಳುವಂತೆ ಎಂಇ 262 ಅಲ್ಲ. 1939ರ ಆಗಸ್ಟ್ 27ರಂದು ಹಾರಿದ ಹೈಂಕೆಲ್ ಎಚ್‌ಇ 178. ಎಂಇ 262 ಯುದ್ಧಸೇವೆಗೆ ಬಂದ ಮೊದಲ ಜೆಟ್ ಫೈಟರ್. ವಾಲ್ಡೆಮಾರ್ ಫೋಯ್ಟ್ ಅವರ ನೇತೃತ್ವದ ತಂಡ ಅದರ ವಿನ್ಯಾಸಕ್ಕೆ ಕೈಹಾಕಿದ್ದು ಯುದ್ಧಕ್ಕೆ ಮೊದಲೇ. 1941ರ ಏಪ್ರಿಲ್ 18ರಂದು ಪರೀಕ್ಷಾ ಪೈಲಟ್ ಫ್ರಿಟ್ಸ್ ವೆಂಡೆಲ್ ಅದನ್ನು ಮೊದಲ ಬಾರಿ ಮೇಲಕ್ಕೇರಿಸಿದಾಗ ಅದರಲ್ಲಿ ಜೆಟ್ ಎಂಜಿನ್ ಇರಲೇ ಇಲ್ಲ. ಮೂತಿಗೆ ಪಿಸ್ಟನ್ ಎಂಜಿನ್ನೊಂದನ್ನು ಕಟ್ಟಿ, ಪ್ರೊಪೆಲ್ಲರ್ ತಿರುಗಿಸಿಕೊಂಡು ಹಾರಿಸಿದರು. ಮುಂದಿನ ವರ್ಷದ ಮಾರ್ಚ್ 25ರಂದು ಬಿಎಂಡಬ್ಲ್ಯು ಕಂಪನಿಯ ಎರಡು ಜೆಟ್ ಎಂಜಿನ್‌ಗಳನ್ನು ರೆಕ್ಕೆಯ ಕೆಳಗೆ ಅಳವಡಿಸಿ ಹೊರಟರೆ, ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿ ಎರಡೂ ಕೈಕೊಟ್ಟವು. ಮುನ್ನೆಚ್ಚರಿಕೆಗೆಂದು ಮೂತಿಯ ಪಿಸ್ಟನ್ ಎಂಜಿನ್ನನ್ನು ಹಾಗೆಯೇ ಉಳಿಸಿದ್ದರಿಂದ ವೆಂಡೆಲ್ ಜೀವಸಹಿತ ಇಳಿದರು.

ಕೊನೆಗೂ 1942ರ ಜುಲೈ 18ರಂದು ಲೈಪ್‌ಹೈಮ್ ನೆಲೆಯಿಂದ ಯುಂಕರ್ಸ್ ಕಂಪನಿಯ ಯೂಮೊ ಎಂಜಿನ್‌ಗಳ ಬಲದಿಂದಲೇ ಅದು ಹಾರಿತು. ಆಗ ಅದಕ್ಕೆ ಬಾಲದ ಕೆಳಗೆ ಗಾಲಿಯಿತ್ತು. ಮೂತಿ ಮೇಲೆತ್ತಿ ಓಡುವ ಆ ಭಂಗಿಯಲ್ಲಿ ಬಾಲದ ಚುಕ್ಕಾಣಿಗೆ ಗಾಳಿ ಸಿಗುತ್ತಿರಲಿಲ್ಲ; ಸುಮಾರು 180 ಕಿಲೋಮೀಟರ್ ವೇಗದಲ್ಲಿ ಓಡುವಾಗ ಪೈಲಟ್ ಬ್ರೇಕನ್ನು ಒಮ್ಮೆ ಮೆಲ್ಲನೆ ಒತ್ತಿ, ಬಾಲವನ್ನು ನೆಲದಿಂದ ಎಬ್ಬಿಸಿ, ಆಮೇಲೆ ಹಾರಬೇಕಾಗಿತ್ತು. ಓಡುದಾರಿ ಮುಗಿಯುತ್ತಿರುವಾಗ ಬ್ರೇಕ್ ಒತ್ತುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಮೂತಿಗಾಲಿ ಬಂದದ್ದು ಆನಂತರ. ಹಿಂದಕ್ಕೆ ಬಾಗಿದ ರೆಕ್ಕೆಗಳನ್ನು ಲೇಖಕರು ವೇಗದ ವಿಜ್ಞಾನವನ್ನು ಮೊದಲೇ ಕಂಡುಕೊಂಡ ದೂರದೃಷ್ಟಿಯೆಂದು ಹೊಗಳಿದ್ದಾರೆ. ಎಂಜಿನ್ ಅಂದಾಜಿಗಿಂತ ಭಾರವಾಗುವುದೆಂದು ತಿಳಿದಾಗ ತೂಕದ ಸಮತೋಲವನ್ನು ಸರಿಪಡಿಸಲೆಂದು ಮಾಡಿದ ಉಪಾಯ ಅದು.

ಇನ್ನು ಎಂಜಿನ್ನಿನ ವಿಷಯ. ನನ್ನ ತಕರಾರಿನ ಮುಖ್ಯ ಭಾಗ ಇದೇ. ಡೆಸ್ಸೌ ಪಟ್ಟಣದ ಯುಂಕರ್ಸ್ ಕಾರ್ಖಾನೆಯಲ್ಲಿ ಆನ್ಸೆಲ್ಮ್ ಫ್ರಾಂಟ್ಸ್ ಎಂಬ ಎಂಜಿನಿಯರ್ ರೂಪಿಸಿದ ಯೂಮೊ 004ರಲ್ಲಿ ಗಾಳಿಯನ್ನು ಎಂಟು ಹಂತಗಳಲ್ಲಿ ಒತ್ತುತ್ತ ಒಯ್ಯುವ ಕಂಪ್ರೆಸರ್, ಅದರ ಹಿಂದೆ ಸುತ್ತಲೂ ಜೋಡಿಸಿದ ಆರು ದಹನಕೋಣೆಗಳು, ಕೊನೆಯಲ್ಲಿ ಬಿಸಿ ಅನಿಲದ ರಭಸಕ್ಕೆ ತಿರುಗಿ ಕಂಪ್ರೆಸರನ್ನೂ ತಿರುಗಿಸುವ ಒಂದೇ ಹಂತದ ಟರ್ಬೈನ್ ಇದ್ದವು. ಒಂದು ಎಂಜಿನ್ನಿನ ತಳ್ಳುಬಲ ಸುಮಾರು 900 ಕಿಲೋ. ಕಾಗದದ ಮೇಲೆ ಇಷ್ಟೇ. ಆದರೆ ಟರ್ಬೈನಿನ ಬ್ಲೇಡು ಇರುವ ಜಾಗ ಎಂಥದ್ದು ಎಂದು ಯೋಚಿಸಬೇಕು. ಮಂಗಳೂರಿನ ಹಂಚಿನ ಕಾರ್ಖಾನೆಗಳ ಭಟ್ಟಿಯನ್ನು ಹತ್ತಿರದಿಂದ ಕಂಡವರು ಅದರೊಳಗಿನ ಕೆಂಪು ಕಾವನ್ನು ನೆನಪಿಸಿಕೊಳ್ಳಲಿ. ಅಂಥ ಕಾವಿನಲ್ಲಿ, 700 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಅನಿಲದ ಹೊಡೆತಕ್ಕೆ ಮೈಯೊಡ್ಡಿ, ಅಂಗೈಯಲ್ಲಿ ಹಿಡಿಸುವ ಲೋಹದ ಅಲಗೊಂದು ನಿಮಿಷಕ್ಕೆ 8,700 ಸುತ್ತು ತಿರುಗುತ್ತಿರಬೇಕು. ಸುತ್ತುವ ರಭಸ ಅದನ್ನು ಬುಡದಿಂದ ಹೊರಕ್ಕೆ ಕಿತ್ತೆಳೆಯುತ್ತಿರುತ್ತದೆ. ಸಾದಾ ಉಕ್ಕು ಆ ಬಿಸಿಗೆ ಮೆತ್ತಗಾಗಿ, ದಿನದಿನಕ್ಕೆ ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತ ಹೋಗಿ, ಕೊನೆಗೆ ತುದಿ ಸುತ್ತಲಿನ ಕವಚಕ್ಕೆ ಉಜ್ಜುತ್ತದೆ ಅಥವಾ ಬುಡದಲ್ಲೇ ಮುರಿಯುತ್ತದೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನಮ್ಮ ವಾಯುಪಡೆಯ ಆರ್ಫಿಯಸ್ ಜೆಟ್ ಎಂಜಿನ್‌ಗಳನ್ನು ಬಿಚ್ಚಿದಾಗ ಎಲ್ಲರ ಕಣ್ಣೂ ಮೊದಲು ಹೋಗುತ್ತಿದ್ದುದು ಟರ್ಬೈನಿನ ಕಡೆಗೆ. ಬ್ಲೇಡಿನ ತುದಿ ಕವಚಕ್ಕೆ ತಾಗಿದ್ದರೆ ಅಲ್ಲೊಂದು ಹೊಳೆಯುವ ಗೆರೆ ಮೂಡಿರುತ್ತದೆ. ಮೈಮೇಲಿನ ಬಣ್ಣ ಎಲ್ಲಿ ಹಳದಿ, ಎಲ್ಲಿ ನೇರಳೆ, ಎಲ್ಲಿ ಕಡುನೀಲಿಗೆ ತಿರುಗಿದೆ ಎಂಬುದನ್ನು ನೋಡಿಯೇ ಯಾವ ಭಾಗ ಎಷ್ಟು ಕಾದಿತ್ತೆಂದು ಅಂದಾಜು ಮಾಡಬಹುದು. ಬುಡದ ಹತ್ತಿರ ಬಿರುಕಿದೆಯೇ ಎಂದು ತಿಳಿಯಲು ಬ್ಲೇಡನ್ನು ಶುಚಿಮಾಡಿ, ಬಿರುಕಿನೊಳಕ್ಕೆ ಇಳಿಯುವ ಬಣ್ಣದ ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಹಚ್ಚಿ ಕಾಯಬೇಕು. ಬಿರುಕಿದ್ದರೆ ಬಿಳಿಯ ಮೇಲೆ ಸಣ್ಣ ಕೆಂಪು ಗೆರೆಯೊಂದು ನಿಧಾನವಾಗಿ ಎದ್ದು ಬರುತ್ತದೆ. ಆ ಗೆರೆ ಕಂಡ ಬ್ಲೇಡು ಮತ್ತೆ ಎಂಜಿನ್ನಿಗೆ ಹೋಗುವುದಿಲ್ಲ, ಯಾವ ಅಧಿಕಾರಿ ಹೇಳಿದರೂ ಹೋಗುವುದಿಲ್ಲ. ಉತ್ತಮ ಮಿಶ್ರಲೋಹ ಯಥೇಚ್ಛವಾಗಿ ಸಿಗುತ್ತಿದ್ದ ಕಾಲದಲ್ಲೂ ಇಷ್ಟು ಕಾವಲು ಬೇಕಾಗುತ್ತಿತ್ತೆಂದರೆ, ಅದಿಲ್ಲದವರ ಪಾಡೇನು?

ಜರ್ಮನಿಗೆ ಇಲ್ಲದೆ ಹೋದದ್ದು ಅದೇ. ಬಿಸಿಯಲ್ಲಿ ಉಕ್ಕು ಬಲ ಕಳೆದುಕೊಳ್ಳದೆ ಇರಬೇಕಾದರೆ ನಿಕ್ಕೆಲ್, ಕ್ರೋಮಿಯಂ, ಕೋಬಾಲ್ಟ್, ಮಾಲಿಬ್ಡಿನಂ ಬೇಕು. ಮೊದಲ ಮಾದರಿಯಾದ 004ಎಯಲ್ಲಿ ಫ್ರಾಂಟ್ಸ್ ಇವನ್ನು ಕೈಬಿಚ್ಚಿ ಬಳಸಿದ್ದರು, ಎಂಜಿನ್ ಚೆನ್ನಾಗಿಯೇ ಓಡಿತ್ತು. ಆದರೆ ಸಾವಿರಗಟ್ಟಲೆ ತಯಾರಿಸುವಷ್ಟು ಲೋಹ ದೇಶದಲ್ಲಿರಲಿಲ್ಲ. ಹಾಗಾಗಿ ಅದನ್ನೇ ಸಾದಾ ಲೋಹದಲ್ಲಿ ಹೊಸದಾಗಿ ಎರಕ ಹೊಯ್ದಂತೆ 004ಬಿ ಹುಟ್ಟಿತು. ದಹನಕೋಣೆಗಳನ್ನು ಮೆದು ಉಕ್ಕಿನ ತಗಡಿನಿಂದ ಮಾಡಿ, ತುಕ್ಕು ಹಿಡಿದು ಸುಟ್ಟುಹೋಗದಂತೆ ಅಲ್ಯೂಮಿನಿಯಂ ಲೇಪ ಕೊಟ್ಟರು. ಟರ್ಬೈನಿನ ಬ್ಲೇಡುಗಳಿಗೆ ಮೊದಲು ನಿಕ್ಕೆಲ್ ಇರುವ ಟಿನಿಡೂರ್ ಎಂಬ ಮಿಶ್ರಲೋಹವಿತ್ತು. ಅದೂ ದುರ್ಲಭವಾದಾಗ ನಿಕ್ಕೆಲ್ಲೇ ಇಲ್ಲದ, ಕ್ರೋಮಿಯಂ ಮತ್ತು ಮ್ಯಾಂಗನೀಸ್ ಬೆರೆಸಿದ ಕ್ರೋಮಡೂರ್ ಬಂತು. ಅದರ ತಾಳಿಕೆ ಕಡಿಮೆಯೆಂದು ಗೊತ್ತಿದ್ದುದರಿಂದ ತಗಡನ್ನು ಮಡಚಿ ಟೊಳ್ಳಾದ ಬ್ಲೇಡು ಮಾಡಿ, ಕಂಪ್ರೆಸರಿನ ತಣ್ಣನೆಯ ಗಾಳಿಯನ್ನು ಅದರೊಳಗೆ ಹಾಯಿಸಿದರು. ಹೀಗೆ ಉಳಿಸಿ ಉಳಿಸಿ, ಇಡೀ ಎಂಜಿನ್ನಿಗೆ ಬೇಕಾದ ಕ್ರೋಮಿಯಂ 2 ಕಿಲೋಗ್ರಾಮಿನ ಆಸುಪಾಸಿಗೆ ಇಳಿಯಿತು. ಒಬ್ಬ ಎಂಜಿನ್ ಕೆಲಸದವನಾಗಿ ನಾನು ಈ ಜಾಣ್ಮೆಗೆ ತಲೆಬಾಗುತ್ತೇನೆ. ಇಂದು ನಾವು ಹತ್ತುವ ಪ್ರಯಾಣಿಕ ವಿಮಾನಗಳ ಎಂಜಿನ್‌ಗಳಲ್ಲೂ ಟೊಳ್ಳು ಬ್ಲೇಡಿನೊಳಗೆ ಗಾಳಿ ಹಾಯಿಸುವ ವಿದ್ಯೆಯೇ ನಡೆಯುತ್ತಿದೆ.

ಆದರೆ ಜಾಣ್ಮೆಗೂ ಒಂದು ಮಿತಿಯಿದೆ. ಎಂಜಿನ್ನಿನ ಆಯುಷ್ಯ 25 ಗಂಟೆ ಎಂದು ಇಟ್ಟುಕೊಂಡರೂ ಹಲವು ಎಂಜಿನ್‌ಗಳು 10 ಗಂಟೆಯ ಸುಮಾರಿಗೇ ಬಿಚ್ಚುವ ಸ್ಥಿತಿಗೆ ಬರುತ್ತಿದ್ದವು. ಕ್ರೋಮಿಯಂ ಅದಿರು ಕೊಡುತ್ತಿದ್ದ ತುರ್ಕಿ 1944ರ ಏಪ್ರಿಲಿನಲ್ಲಿ ರಫ್ತು ನಿಲ್ಲಿಸಿತು. ಫಿನ್ಲೆಂಡಿನ ಉತ್ತರ ತುದಿಯ ಪೆಟ್ಸಾಮೊ ನಿಕ್ಕೆಲ್ ಗಣಿ ಅದೇ ವರ್ಷದ ಅಕ್ಟೋಬರಿನಲ್ಲಿ ಸೋವಿಯತ್ ಸೇನೆಯ ವಶವಾಯಿತು. ಹಿಟ್ಲರ್ ಆ ಮೇ ತಿಂಗಳಲ್ಲಿ ಬಾಯಿಮುಚ್ಚಿಕೊಂಡು ಕುಳಿತಿದ್ದರೂ ಈ ಎರಡು ಬಾಗಿಲುಗಳು ತೆರೆಯುತ್ತಿರಲಿಲ್ಲ.

ಲೋಹದ ಕೊರತೆಯ ಜೊತೆಗೆ ಕಂಪನದ ಕಾಟವೂ ಇತ್ತು. 1943ರಲ್ಲಿ ಟರ್ಬೈನ್ ಬ್ಲೇಡುಗಳು ಪೂರ್ಣ ವೇಗದಲ್ಲಿ ಒಂದಾದ ಮೇಲೊಂದು ಮುರಿಯತೊಡಗಿದವು. ಪ್ರತಿಯೊಂದು ಬ್ಲೇಡಿಗೂ ತನ್ನದೇ ಸಹಜ ಕಂಪನವಿರುತ್ತದೆ. ಆ ಕಂಪನ ಯಾವುದೆಂದು ತಿಳಿಯಲು ಫ್ರಾಂಟ್ಸ್ ಸ್ವರಜ್ಞಾನವುಳ್ಳ ಸಂಗೀತಗಾರರೊಬ್ಬರನ್ನು ಕರೆಸಿ, ಪಿಟೀಲಿನ ಕಮಾನಿನಿಂದ ಬ್ಲೇಡನ್ನು ಉಜ್ಜಿಸಿ, ಹೊರಟ ನಾದದ ಶ್ರುತಿಯನ್ನು ಗುರುತಿಸಿಕೊಂಡರಂತೆ. ಕಾರಣವನ್ನು ಖಚಿತವಾಗಿ ಹಿಡಿದವರು ಮಾಕ್ಸ್ ಬೆಂಟೆಲೆ ಎಂಬ ತಜ್ಞರು. ಟರ್ಬೈನಿನ ಮುಂದಿರುವ ಆರು ದಹನಕೋಣೆಗಳೂ ಹಿಂದಿರುವ ಮೂರು ಆಧಾರಪಟ್ಟಿಗಳೂ ಸೇರಿ, ತಿರುಗುವ ಬ್ಲೇಡಿಗೆ ಅದರ ಸಹಜ ಕಂಪನದ ಲಯದಲ್ಲೇ ಏಟು ಕೊಡುತ್ತಿದ್ದವು. ಬ್ಲೇಡನ್ನು ಒಂದು ಮಿಲಿಮೀಟರ್ ಮೊಟಕುಗೊಳಿಸಿ, ತುದಿಯ ಕಡೆಗೆ ಇನ್ನಷ್ಟು ತೆಳುವಾಗಿಸಿ, ಗರಿಷ್ಠ ವೇಗವನ್ನು 9,000 ಸುತ್ತಿನಿಂದ 8,700ಕ್ಕೆ ಇಳಿಸಿದ ಮೇಲೆ ಆ ಕಾಟ ತಪ್ಪಿತು. ಈ ಹುಡುಕಾಟಕ್ಕೆ ತಿಂಗಳುಗಳು ಹಿಡಿದವು. ವಿಳಂಬದ ನಿಜವಾದ ಇತಿಹಾಸ ಇರುವುದು ಇಂಥ ಕಡೆ. ವಿದ್ಯಾರ್ಥಿಗಳಿಗೆ ಹೇಳಲು ಸರ್ವಾಧಿಕಾರಿಯ ಸಿಟ್ಟಿಗಿಂತ ಇದು ಎಷ್ಟೋ ಸ್ವಾರಸ್ಯಕರವೂ ಹೌದು ಎಂಬುದು ನನ್ನ ಅಭಿಪ್ರಾಯ.

ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಫ್ರಾಂಕ್ ವಿಟ್ಲ್ ಅವರ ಎಂಜಿನ್ನನ್ನು ಆಧರಿಸಿದ ಗ್ಲಾಸ್ಟರ್ ಮೀಟಿಯರ್ 1944ರ ಜುಲೈಯಲ್ಲಿ 616ನೇ ಸ್ಕ್ವಾಡ್ರನ್ನನ್ನು ಸೇರಿತು. ಅದರ ವೇಗ ಎಂಇ 262ಕ್ಕಿಂತ ಕಡಿಮೆ. ವಿನ್ಯಾಸವೂ ಅಷ್ಟು ಮುಂದುವರಿದದ್ದಲ್ಲ. ಆದರೆ ಅವರ ಕೈಯಲ್ಲಿ ಕೆನಡಾದ ನಿಕ್ಕೆಲ್ ಇತ್ತು, ನಿಮೋನಿಕ್ ಎಂಬ ಮಿಶ್ರಲೋಹವಿತ್ತು, ಅವರ ಎಂಜಿನ್ ಹಲವು ಪಟ್ಟು ಹೆಚ್ಚು ಕಾಲ ಬಾಳುತ್ತಿತ್ತು. ಆಗಸ್ಟ್ 4ರಂದು ಡೀನ್ ಎಂಬ ಪೈಲಟ್, ಬಂದೂಕು ಸಿಕ್ಕಿಕೊಂಡಾಗ ತನ್ನ ರೆಕ್ಕೆಯಿಂದ ಜರ್ಮನರ ವಿ-1 ಹಾರುಬಾಂಬನ್ನು ಓರೆಮಾಡಿ ಕೆಡವಿದ್ದು ಮೀಟಿಯರಿನ ಮೊದಲ ಗೆಲುವು. ಎರಡೂ ದೇಶಗಳ ಜೆಟ್‌ಗಳು ಯುದ್ಧದಲ್ಲಿ ಎಂದೂ ಮುಖಾಮುಖಿಯಾಗಲಿಲ್ಲ.

ಎಂಇ 262 ಯುದ್ಧದಲ್ಲಿ ಮಾಡಿದ್ದೇನು ಎಂಬ ಭಾಗವನ್ನು ಲೇಖಕರು ಚೆನ್ನಾಗಿ ಬರೆದಿದ್ದಾರೆ; ಆದರೆ ಅದರಲ್ಲೂ ಎಂಜಿನ್ನಿನ ಸ್ವಭಾವವನ್ನು ಸೇರಿಸದೆ ಹೋದದ್ದರಿಂದ ಚಿತ್ರ ಅರ್ಧಕ್ಕೇ ನಿಂತಿದೆ. ಸುಮಾರು 870 ಕಿಲೋಮೀಟರ್ ವೇಗ, ಮೂತಿಯಲ್ಲಿ ನಾಲ್ಕು 30 ಮಿಲಿಮೀಟರ್ ತೋಪುಗಳು. ಅಮೆರಿಕದ ಅತ್ಯುತ್ತಮ ಮಸ್ಟಾಂಗ್ ಫೈಟರ್ ಕೂಡ ಸಮತಟ್ಟಾದ ಹಾರಾಟದಲ್ಲಿ ಅದನ್ನು ಹಿಂದಿಕ್ಕಲಾರದು. ಇದೆಲ್ಲ ಸರಿ. ಆದರೆ ಎಂಜಿನ್ನಿನ ವೇಗ ಹೆಚ್ಚಿಸುವ ಥ್ರಾಟಲನ್ನು ತುಸು ರಭಸದಿಂದ ಮುಂದಕ್ಕೆ ತಳ್ಳಿದರೆ ಎಂಜಿನ್ ಅತಿಯಾಗಿ ಕಾದು ಸುಡುವುದು ಇಲ್ಲವೇ ಉರಿ ಆರಿಹೋಗುವುದು. ಇಳಿಯುವಾಗ ಒಮ್ಮೆ ವೇಗ ತಗ್ಗಿಸಿದ ಪೈಲಟ್ ಮತ್ತೆ ಥಟ್ಟನೆ ವೇಗ ಪಡೆಯುವಂತಿರಲಿಲ್ಲ. ಅಮೆರಿಕನ್ನರೂ ಬ್ರಿಟಿಷರೂ ಈ ಗುಟ್ಟನ್ನು ಬಲುಬೇಗ ಅರಿತರು. ಆಕಾಶದಲ್ಲಿ ಬೆನ್ನಟ್ಟುವ ಬದಲು ಅದರ ನೆಲೆಗಳ ಮೇಲೆಯೇ ಸುತ್ತುತ್ತ, ಏರುವಾಗಲೂ ಇಳಿಯುವಾಗಲೂ ಹೊಡೆಯತೊಡಗಿದರು. ಮುಂದೆ ಶಬ್ದದ ವೇಗವನ್ನು ದಾಟಿ ಪ್ರಸಿದ್ಧರಾದ ಚಕ್ ಯೇಗರ್ 1944ರ ನವೆಂಬರಿನಲ್ಲಿ ಒಂದು ಎಂಇ 262ನ್ನು ಕೆಡವಿದ್ದು ಅದು ಇಳಿಯಲು ಬರುತ್ತಿದ್ದಾಗಲೇ.

ಮೊದಲ ಕಾಳಗದ ವಿಷಯದಲ್ಲೂ ಒಂದು ತಿದ್ದುಪಡಿ ಬೇಕು. 1944ರ ಜುಲೈ ಕೊನೆಯ ವಾರದಲ್ಲಿ ಎಂಇ 262 ಪೈಲಟ್ ಆಲ್ಫ್ರೆಡ್ ಶ್ರೈಬರ್ ಬ್ರಿಟನ್ನಿನ ಮಾಸ್ಕಿಟೊ ವಿಮಾನವೊಂದನ್ನು ಕೆಡವಿದರೆಂದು ಲೇಖನದಲ್ಲಿದೆ. ಜರ್ಮನರು ಹಾಗೆ ಬರೆದುಕೊಂಡಿರಬಹುದು. ಆದರೆ ಏಟು ತಿಂದ ಆ ಮಾಸ್ಕಿಟೊ ಇಟಲಿಯ ಫೆರ್ಮೊ ನೆಲೆಯಲ್ಲಿ ಇಳಿದು ಅದರಲ್ಲಿದ್ದವರು ಬದುಕಿಕೊಂಡರು. ಆ ಶರತ್ಕಾಲದಲ್ಲಿ ಓಸ್ನಾಬ್ರ್ಯೂಕ್ ಪಟ್ಟಣದ ಹತ್ತಿರದ ಆಖ್ಮರ್ ಮತ್ತು ಹೆಸೆಪೆ ನೆಲೆಗಳಿಂದ ಹಾರಿದ, ಪೈಲಟ್ ವಾಲ್ಟರ್ ನೊವೊಟ್ನಿಯವರ ಎಂಇ 262 ತುಕಡಿ ಎಂಜಿನ್ ಕೆಟ್ಟು, ಇಳಿಯುವಾಗ ಜಖಂಗೊಂಡು, ಶತ್ರುವಿನ ಗುಂಡಿಗೆ ಸಿಕ್ಕಿ ಬೇಗನೆ ಸೊರಗಿತು. ನವೆಂಬರ್ 8ರಂದು ನೊವೊಟ್ನಿಯವರೇ ಮಡಿದರು. ಅದರ ಜಾಗದಲ್ಲಿ ಬಂದ ಜೆಜಿ 7 ಎಂಬ ಫೈಟರ್ ದಳದ ಕೈಯಲ್ಲಿ 1945ರ ಮಾರ್ಚಿನಲ್ಲಿ ಈ ವಿಮಾನ ತನ್ನ ನಿಜವಾದ ಶಕ್ತಿಯನ್ನು ತೋರಿಸಿತೆನ್ನಬೇಕು. ಮಾರ್ಚ್ 18ರಂದು ಬರ್ಲಿನ್ ಕಡೆಗೆ ಬಂದ 1,200ಕ್ಕೂ ಹೆಚ್ಚು ಬಾಂಬರ್‌ಗಳ ಮೇಲೆ 37 ಎಂಇ 262ಗಳು ಎರಗಿದವು; ರೆಕ್ಕೆಯ ಕೆಳಗಿಂದ ಹಾರಿಸುವ ಆರ್4ಎಂ ರಾಕೆಟ್‌ಗಳೂ ಅಂದು ಬಳಕೆಯಾದವು; 12 ಬಾಂಬರ್‌ಗಳು ಬಿದ್ದವು. 1,200ರಲ್ಲಿ 12. ಇನ್ನೂ ಒಂದು ತಿಂಗಳು ಕಳೆಯುವ ಮೊದಲು, ಏಪ್ರಿಲ್ 10ರ ಒಂದೇ ದಿನ ಸುಮಾರು 30 ಎಂಇ 262ಗಳು ನಾಶವಾದವು. ತಯಾರಾದವು ಒಟ್ಟು 1,430ರಷ್ಟು. ಒಂದೇ ಹೊತ್ತಿಗೆ ಹಾರಲು ಸಿದ್ಧವಿದ್ದವು 200ರ ಆಸುಪಾಸನ್ನು ದಾಟಿದಂತಿಲ್ಲ.

ಹಾಗಾದರೆ ವರ್ಷದ ಮೊದಲೇ ಬಂದಿದ್ದರೆ? ವರ್ಷದ ಮೊದಲು ಬರುವ ದಾರಿಯೇ ಇರಲಿಲ್ಲವೆಂಬುದನ್ನು ಮೇಲೆ ಹೇಳಿದ್ದೇನೆ. ಬಂದಿತ್ತೆಂದೇ ಇಟ್ಟುಕೊಂಡರೂ, 1944ರ ಮೇ 12ರಿಂದ ಕೃತಕ ಇಂಧನದ ಕಾರ್ಖಾನೆಗಳ ಮೇಲೆ ಬಾಂಬು ಸುರಿಯತೊಡಗಿದ ಮೇಲೆ ಹೊಸ ಪೈಲಟ್‌ಗಳ ತರಬೇತಿಗೇ ಇಂಧನ ಸಾಲದಾಗಿತ್ತು. ಎಂಇ 262 ಡೀಸೆಲ್ಲಿನಂಥ ಕಡಿಮೆ ದರ್ಜೆಯ ಇಂಧನದಲ್ಲಿ ಓಡುತ್ತಿತ್ತೆಂಬುದೇನೋ ಅದರ ಅನುಕೂಲ. ಹಾಗಿದ್ದೂ ಒಂದೊಂದು ಲೀಟರನ್ನು ಉಳಿಸಲೆಂದು ಅದನ್ನು ಸಣ್ಣ ಸರಪಳಿಗಾಲಿಯ ಬಂಡಿಗೆ ಕಟ್ಟಿ ಓಡುದಾರಿಯವರೆಗೆ ಎಳೆದೊಯ್ಯುತ್ತಿದ್ದರು. ಅಲ್ಲಿ ಎಂಜಿನ್ನಿನ ಮೂತಿಯೊಳಗಿದ್ದ ಎರಡು ಸ್ಟ್ರೋಕಿನ ಪುಟ್ಟ ಮೋಟರನ್ನು ಚಾಲೂ ಮಾಡಿ, ಅದರಿಂದ ಜೆಟ್ಟನ್ನು ತಿರುಗಿಸಿ ಹೊತ್ತಿಸುತ್ತಿದ್ದರು. ವಿದ್ಯುತ್ತಿನಿಂದ ಆ ಪುಟ್ಟ ಮೋಟರು ಎದ್ದೇಳದಿದ್ದರೆ ಕೈಯಿಂದಲೇ ಎಳೆದು ಚಾಲೂ ಮಾಡಲು ಮೂತಿಯ ತುದಿಯಲ್ಲಿ ಒಂದು ಬಳೆ ಇತ್ತು. ಎಂಜಿನ್ನಿನ ಫೋಟೊ ನೋಡಿದವರು ಈಗಲೂ ಆ ಬಳೆಯನ್ನು ಗುರುತಿಸಬಹುದು.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಹೆಚ್ಚು ಕೊರೆಯುತ್ತಿರುವುದು ಲೇಖನದಲ್ಲಿ ಒಂದು ಸಾಲೂ ಇಲ್ಲದ ಸಂಗತಿ. ಈ ವಿಮಾನವನ್ನು ಕಟ್ಟಿದವರು ಯಾರು? ರೇಗೆನ್ಸ್‌ಬುರ್ಗ್ ಮತ್ತು ಔಗ್ಸ್‌ಬುರ್ಗ್‌ನ ಕಾರ್ಖಾನೆಗಳ ಮೇಲೆ ಬಾಂಬು ಬಿದ್ದ ಮೇಲೆ ಕೆಲಸವನ್ನು ಕಾಡುಗಳಿಗೂ ಸುರಂಗಗಳಿಗೂ ಹಂಚಲಾಯಿತು. ಲೇಖಕರು ಇದನ್ನು ಜರ್ಮನರ ವ್ಯವಸ್ಥಾಚಾತುರ್ಯವೆಂದು ಬರೆದು ಮುಂದೆ ಹೋಗಿದ್ದಾರೆ. ಲಿಯೋನ್‌ಬೆರ್ಗ್‌ನಲ್ಲಿ ಹೆದ್ದಾರಿಯ ಸುರಂಗವೊಂದನ್ನು ಮುಚ್ಚಿ, ಯಾತನಾ ಶಿಬಿರದ ಕೈದಿಗಳಿಂದ ಎಂಇ 262ರ ರೆಕ್ಕೆಗಳನ್ನು ಮಾಡಿಸಿದರು. ಆಸ್ಟ್ರಿಯಾದ ಸಾಂಕ್ಟ್ ಗಿಯೋರ್ಗನ್ ಎಂಬ ಊರಿನಲ್ಲಿ, ಮೌಟ್‌ಹೌಸನ್ ಶಿಬಿರಕ್ಕೆ ಸೇರಿದ ಗೂಸನ್ ಕೈದಿಗಳಿಂದ 1944ರಲ್ಲಿ ಗುಡ್ಡದೊಳಗೆ ಕಿಲೋಮೀಟರುಗಟ್ಟಲೆ ಸುರಂಗ ತೋಡಿಸಿ, ಅಲ್ಲಿಯೇ ವಿಮಾನದ ಒಡಲನ್ನು ಕಟ್ಟಿಸಿದರು. ಪೋಲೆಂಡಿನವರು, ಸೋವಿಯತ್ ಯುದ್ಧಕೈದಿಗಳು, ಸ್ಪೇನಿನ ಗಣರಾಜ್ಯವಾದಿಗಳು, ಇಟಲಿಯವರು, ಫ್ರಾನ್ಸಿನವರು, ಹಂಗೇರಿಯ ಯಹೂದಿಗಳು ಅಲ್ಲಿ ಹಸಿವಿನಿಂದ, ಹೊಡೆತದಿಂದ, ರೋಗದಿಂದ ಸಾವಿರಗಟ್ಟಲೆ ಸತ್ತರು. ಥುರಿಂಗಿಯ ಪ್ರಾಂತದ ಕಾಲಾ ಎಂಬಲ್ಲಿ ಗುಡ್ಡದ ಒಳಗೆ ಕಾರ್ಖಾನೆ, ಗುಡ್ಡದ ನೆತ್ತಿಯ ಮೇಲೆ ಓಡುದಾರಿ; ಸಿದ್ಧವಾದ ವಿಮಾನವನ್ನು ಇಳಿಜಾರಿನಲ್ಲಿ ಮೇಲಕ್ಕೆಳೆದು ಅಲ್ಲಿಂದ ಹಾರಿಸುತ್ತಿದ್ದರು. ಅಷ್ಟೆಲ್ಲ ಜೀವ ತೆಗೆದು ಅಲ್ಲಿಂದ ಹೊರಬಂದ ವಿಮಾನಗಳು ಕೆಲವೇ ಕೆಲವು.

ಎಂಜಿನ್ ಕೆಲಸದವನಿಗೆ ಈ ಎರಡು ವಿಷಯಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಹಸಿದ ಕೈದಿ, ಬೆನ್ನ ಹಿಂದೆ ಕಾವಲುಗಾರನ ಭಯ, ಕತ್ತಲ ಸುರಂಗ. ಅಲ್ಲಿ ಹೊಡೆದ ರಿವೆಟ್ ಯುದ್ಧವಿಮಾನದ ಒಡಲಿನಲ್ಲಿ ಎಷ್ಟು ಭದ್ರವಾಗಿ ಕುಳಿತೀತು? ನಮ್ಮ ವರ್ಕ್‌ಶಾಪಿನಲ್ಲಿ ಒಂದು ನಟ್ಟಿಗೆ ಅದು ಸಡಿಲಾಗದಂತೆ ಹಿಡಿಯುವ ಲಾಕ್‌ವೈರ್ ಹಾಕಿದರೂ ಹಾಕಿದವನು ಸಹಿ ಮಾಡಬೇಕು, ಇನ್ನೊಬ್ಬನು ಬಂದು ನೋಡಿ ಸಹಿ ಮಾಡಬೇಕು. ಆ ಸಹಿಯ ಹಿಂದೆ, ಇದನ್ನು ಹಾರಿಸುವ ಹುಡುಗ ಮರಳಿ ಬರಬೇಕೆಂಬ ಮಮತೆ ಇರುತ್ತಿತ್ತು. ಬಲವಂತದ ದುಡಿಮೆಯಿಂದ ಅದನ್ನು ಪಡೆಯಲಾಗದು. 1945ರ ಮೇ 5ರಂದು ಅಮೆರಿಕದ ಸೈನಿಕರು ಗೂಸನ್ ಶಿಬಿರದ ಬಾಗಿಲು ತೆರೆಸಿದರು. ವಿಮಾನದ ತಾಂತ್ರಿಕ ವೈಭವವನ್ನು ಪುಟತುಂಬ ಬರೆಯುವಾಗ ಈ ಜನರಿಗೆ ಒಂದು ಪ್ಯಾರಾ ಸಿಗದೆ ಹೋದದ್ದು ನನಗೆ ನೋವು ತಂದಿದೆ.

ಲೇಖಕರು ಕೊನೆಯಲ್ಲಿ ಇದೆಲ್ಲ ನಮಗೆ ದೂರದ ಇತಿಹಾಸವೆಂದಿದ್ದಾರೆ. ಅಷ್ಟು ದೂರದ್ದಲ್ಲ. ಮೆಸರ್ಶ್ಮಿಟ್ ಅವರ ಪ್ರತಿಸ್ಪರ್ಧಿಯಾಗಿದ್ದ, ಫೋಕೆ-ವುಲ್ಫ್ 190 ಫೈಟರನ್ನು ರೂಪಿಸಿದ ಕುರ್ಟ್ ಟಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನ ನಮ್ಮ ಎಂಜಿನಿಯರುಗಳೊಂದಿಗೆ ಎಚ್‌ಎಫ್-24 ಮಾರುತ್ ವಿಮಾನವನ್ನು ವಿನ್ಯಾಸಗೊಳಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿಸಿದರು. ಒಡಲು ಶಬ್ದವೇಗವನ್ನು ಮೀರಲೆಂದೇ ರೂಪುಗೊಂಡದ್ದು. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಬ್ರಿಟನ್ನಿನಲ್ಲಿ ತಯಾರಾಗಬೇಕಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಅರ್ಧದಲ್ಲೇ ನಿಂತುಹೋಗಿ, ಮಾರುತ್ ಕಡಿಮೆ ಶಕ್ತಿಯ ಆರ್ಫಿಯಸ್ 703ರಲ್ಲೇ ತನ್ನ ಆಯುಷ್ಯವನ್ನು ಕಳೆಯಬೇಕಾಯಿತು. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಮಾಡಿದ ಸೇವೆಯನ್ನು ನಮ್ಮ ಪೀಳಿಗೆಯವರು ಮರೆಯುವಂತಿಲ್ಲ. ಒಂದು ಎಂಜಿನ್ನಿಗೆ ಏಟು ಬಿದ್ದರೂ ಇನ್ನೊಂದರ ಮೇಲೆ ಅದು ನೆಲೆಗೆ ಮರಳಿದ್ದುಂಟು. ತೇಜಸ್ ಇಂದಿಗೂ ಅಮೆರಿಕದ ಎಂಜಿನ್ನಿನಿಂದ ಹಾರುತ್ತಿದೆ. ಇನ್ನು ಆನ್ಸೆಲ್ಮ್ ಫ್ರಾಂಟ್ಸ್ ಯುದ್ಧದ ನಂತರ ಅಮೆರಿಕಕ್ಕೆ ಹೋಗಿ ಲೈಕಮಿಂಗ್ ಕಂಪನಿಯಲ್ಲಿ ಹೆಲಿಕಾಪ್ಟರ್ ಎಂಜಿನ್‌ಗಳನ್ನು ರೂಪಿಸಿದರು; ನಮ್ಮ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್‌ಗಳಲ್ಲಿರುವುದು ಅದೇ ಟಿ55 ವಂಶದ ಎಂಜಿನ್. ಸುರತ್ಕಲ್, ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಲ್ಲಿ ಯಾರಾದರೂ ಟರ್ಬೈನ್ ಬ್ಲೇಡಿನ ಲೋಹವನ್ನು ತಮ್ಮ ಕೆಲಸವಾಗಿ ಆರಿಸಿಕೊಳ್ಳಬೇಕಾದರೆ, ಜೆಟ್ ವಿಮಾನ ತಡವಾದದ್ದು ಆ ಲೋಹದಿಂದ ಎಂಬುದು ಅವರಿಗೆ ಶಾಲೆಯಲ್ಲಿರುವಾಗಲೇ ತಿಳಿದಿರಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮಾಲೆಯ ಮುಂದಿನ ಕಂತು ಬ್ರಿಟನ್ನಿನ ಮೀಟಿಯರ್ ಬಗ್ಗೆ ಎಂದು ತಾವು ಪ್ರಕಟಿಸಿದ್ದೀರಿ. ಆ ಕಂತಿನಲ್ಲಿ ಎರಡೂ ದೇಶಗಳ ಎಂಜಿನ್‌ಗಳ ಲೋಹವನ್ನು ಅಕ್ಕಪಕ್ಕದಲ್ಲಿಟ್ಟು ವಿವರಿಸುವಂತೆ ಲೇಖಕರಿಗೆ ತಿಳಿಸಬೇಕು. ಹಿಂದಿನ ಕಂತಿನ ಶೀರ್ಷಿಕೆಯನ್ನೂ ಹಿಟ್ಲರನ ಆಜ್ಞೆಯ ಕುರಿತ ವಾಕ್ಯವನ್ನೂ ತಿದ್ದಿ ಒಂದು ಸ್ಪಷ್ಟೀಕರಣ ಕೊಡಬೇಕು. ಗೂಸನ್ ಮತ್ತು ಲಿಯೋನ್‌ಬೆರ್ಗ್ ಸುರಂಗಗಳಲ್ಲಿ ದುಡಿದು ಸತ್ತವರ ಬಗ್ಗೆ ಪ್ರತ್ಯೇಕವಾಗಿ ಅರ್ಧ ಪುಟವನ್ನಾದರೂ ಮೀಸಲಿಡಬೇಕು. ಟರ್ಬೈನ್ ಬ್ಲೇಡನ್ನು ಪರೀಕ್ಷಿಸುವ ವಿಧಾನವನ್ನು ಹೈಸ್ಕೂಲು ಮಕ್ಕಳಿಗೆ ಅರ್ಥವಾಗುವಂತೆ ಚಿತ್ರಸಹಿತ ಬರೆದುಕೊಡಲು ನಾನು ಸಿದ್ಧನಿದ್ದೇನೆ. ತಮ್ಮ ಕಚೇರಿಯಿಂದ ತಿಳಿಸಿದರೆ ವಾರದೊಳಗೆ ಕಳುಹಿಸಿಕೊಡುತ್ತೇನೆ.

ತಮ್ಮ ವಿಶ್ವಾಸಿ,
ವಾಯುಪಡೆಯ ನಿವೃತ್ತ ಎಂಜಿನ್ ತಂತ್ರಜ್ಞ
ಬ್ರಹ್ಮಾವರ, ಉಡುಪಿ ಜಿಲ್ಲೆ